ಬಸವನಿಗೆ ಕ್ಯಾರೆಟ್ ಕೊಡಬಾರದು

ಬೀದಿಯಲ್ಲಿ ಹಸು ಎದುರಾದರೆ ನಮ್ಮ ಜಯನಗರದ ಹೆಂಗಸರು ಅದರ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನಾನೂ ಮುಟ್ಟುತ್ತೇನೆ. ಆದರೆ ನನ್ನ ಕೈ ಅಲ್ಲಿಗೆ ನಿಲ್ಲುವುದಿಲ್ಲ. ಬೆನ್ನಿನಿಂದ ಪಕ್ಕೆಗೆ ಇಳಿದು, ಕಡೆಯ ಪಕ್ಕೆಲುಬಿನ ಹತ್ತಿರ ಚರ್ಮವನ್ನು ಮೆಲ್ಲಗೆ ಒತ್ತಿ, ಕೆಳಗೆ ಎಷ್ಟು ದಪ್ಪವಿದೆಯೆಂದು ಅಂದಾಜು ಮಾಡಿಬಿಡುತ್ತದೆ. ಮೊನ್ನೆ ತರಕಾರಿ ಗಾಡಿಯ ಪಕ್ಕ ಕೋಸಿನ ಎಲೆ ತಿನ್ನುತ್ತಿದ್ದ ಹಸುವಿನ ಮೇಲೆ ಹೀಗೆ ಕೈಯಾಡಿಸುತ್ತಿದ್ದಾಗ ಗಾಡಿಯವಳು, "ಏನಮ್ಮಾ, ವ್ಯಾಪಾರಕ್ಕೆ ನೋಡ್ತಿದೀರಾ?" ಎಂದು ನಕ್ಕಳು. ತಟ್ಟನೆ ಕೈ ತೆಗೆದು ನಮಸ್ಕಾರ ಹಾಕಿದೆ. ಬೆನ್ನು ನೆಟ್ಟಗಿತ್ತು, ಹಿಂಗಾಲು ಚೆನ್ನಾಗಿತ್ತು, ಎದೆ ಮಾತ್ರ ಸ್ವಲ್ಪ ಕಿರಿದು. ಇಷ್ಟನ್ನು ಅವಳಿಗೆ ಹೇಳುವ ಹಾಗಿರಲಿಲ್ಲ.

ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಹಬ್ಬದ ದಿನ ಈರುಳ್ಳಿಯನ್ನೂ ಹೊರಗಿಡುವ ಮನೆಯಲ್ಲಿ ಬೆಳೆದ ನನಗೆ ಈ ವಿದ್ಯೆ ಬಂದದ್ದು ಜಪಾನಿನ ಸೆಂಡಾಯ್‌ನಲ್ಲಿ. ಕಲಿಸಿದವಳು ನನ್ನ ಮಗಳು ಸ್ಮಿತಾ. ಈಗ ಅವಳ ಮುಂದೆ ದನದ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಅದಕ್ಕೇ ನಿಮ್ಮ ಮುಂದೆ ಎತ್ತುತ್ತಿದ್ದೇನೆ.

ನಮ್ಮ ಯಜಮಾನರನ್ನು ಅವರ ಕಂಪನಿ ಸೆಂಡಾಯ್‌ಗೆ ಕಳಿಸಿದ್ದು ಒಂದು ಬ್ಯಾಂಕಿನ ಹಳೆಯ ಪ್ರೋಗ್ರಾಂಗಳಲ್ಲಿದ್ದ ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡಲು. ವೈಟೂಕೆ ಎಂಬ ಭೂತವನ್ನು ಅಟ್ಟುವ ಕೆಲಸ. ಸೆಂಡಾಯ್ ಒಳ್ಳೆಯ ಊರು, ದೊಡ್ಡ ದೊಡ್ಡ ಮರಗಳ ಸಾಲು, ತಂಪು ಗಾಳಿ. ಆದರೆ ಆ ಊರಿನ ಹೆಸರುವಾಸಿ ತಿಂಡಿ ಕೆಂಡದ ಮೇಲೆ ಸುಟ್ಟ ದನದ ನಾಲಿಗೆ. ಸ್ಟೇಷನ್ನಿನಲ್ಲಿ ಇಳಿದರೆ ಅದೇ ವಾಸನೆ. ಮೊದಲ ವರ್ಷವೆಲ್ಲ ನಾನು ಅಲ್ಲಿ ಸೆರಗನ್ನು ಮೂಗಿಗೆ ಹಿಡಿದೇ ನಡೆದೆ. ನನಗೆ ಹೂವಿನ ಅಲರ್ಜಿ ಇರಬೇಕೆಂದುಕೊಂಡ ಅಕ್ಕಪಕ್ಕದವರು ಮರುಕದಿಂದ ಮುಖಕ್ಕೆ ಕಟ್ಟುವ ಮಾಸ್ಕು ತಂದುಕೊಟ್ಟರು.

ಸ್ಮಿತಾ ಐದನೇ ಕ್ಲಾಸಿನಲ್ಲಿ ಅಲ್ಲಿನ ಶಾಲೆಗೆ ಸೇರಿದಳು. ಜಪಾನೀಯರ ಬಾಯಲ್ಲಿ ಅವಳು ಸುಮಿತಾ ಆದಳು. ಸುಮಿತಾ ಎಂಬುದು ಅಲ್ಲಿಯ ಒಂದು ಮನೆತನದ ಹೆಸರಂತೆ. ಹೀಗಾಗಿ ಹಾಜರಿ ಕೂಗುವಾಗ ಯಾರಿಗೂ ಅನುಮಾನ ಬರುತ್ತಿರಲಿಲ್ಲ, ತಲೆಯೆತ್ತಿ ನೋಡಿದಾಗ ಬರುತ್ತಿತ್ತು. ಮಾತು ಬೇಗ ಕಲಿತಳು. ಆ ಚಿತ್ರದಂಥ ಅಕ್ಷರಗಳು ಮಾತ್ರ ಅವಳಿಗೆ ಒಲಿಯಲಿಲ್ಲ. ಹೈಸ್ಕೂಲು ಆರಿಸುವ ಹೊತ್ತಿಗೆ ಶಾಲೆಯವರು ನಮ್ಮನ್ನು ಕರೆಸಿ, ಬಹಳ ವಿನಯದಿಂದ, ಒಳ್ಳೆಯ ಹೆಸರಿನ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಇವಳು ಪಾಸಾಗುವುದಿಲ್ಲವೆಂದು ತಿಳಿಸಿದರು. ಊರಾಚೆಯ ಕೃಷಿ ಹೈಸ್ಕೂಲಿನಲ್ಲಿ ಸೀಟು ಸಿಗುತ್ತದೆ ಎಂದರು. ನಮ್ಮಿಬ್ಬರ ಮುಖ ಬಾಡಿತು. ಸ್ಮಿತಾಳ ಮುಖ ಅರಳಿತು.

"ಅಪ್ಪಾ, ಅಲ್ಲಿ ಕೌಸ್ ಇದಾವೆ. ನಾನು ಚಿಕುಸಾನ್ ತಗೋತೀನಿ" ಎಂದಳು. ಚಿಕುಸಾನ್ ಎಂದರೆ ಪಶುಸಂಗೋಪನೆ.

"ಪ್ರಪಂಚದಲ್ಲಿ ಎಲ್ರ ಮಕ್ಳೂ ಜಾವಾ ಕಲೀತಿದಾರೆ, ನಮ್ಮವಳು ದನ ಕಾಯೋದು ಕಲೀತಾಳಂತೆ ಕಣೇ ವಿಮಲಾ" ಎಂದು ಇವರು ನನ್ನ ಕಡೆ ತಿರುಗಿದರು. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಿದಾಗಲೆಲ್ಲ ಇವರ ಅಪ್ಪ ಕೊಡುತ್ತಿದ್ದ ಬೆದರಿಕೆ ಅದೇ ಆಗಿತ್ತಂತೆ. ಅದು ಒಂದು ತಲೆಮಾರು ದಾಟಿ ಜಪಾನಿನಲ್ಲಿ ನಿಜವಾಗುತ್ತದೆಂದು ಯಾರು ತಿಳಿದಿದ್ದರು?

ವೈಟೂಕೆ ಬಂತು, ಏನೂ ಆಗಲಿಲ್ಲ. ಬ್ಯಾಂಕಿನವರು, ಏನೂ ಆಗದ್ದಕ್ಕೆ ಇಷ್ಟು ಜನ ಬೇಕಿತ್ತೇ ಎಂಬ ಮುಖ ಮಾಡಿದರು. "ನಾವು ಸರಿಯಾಗಿ ಕೆಲಸ ಮಾಡಿದ್ದಕ್ಕೇ ಏನೂ ಆಗಲಿಲ್ಲ ಅನ್ನೋದು ಇವರಿಗೆ ಅರ್ಥವಾಗಲ್ಲ" ಎಂದು ಇವರು ಮನೆಯಲ್ಲಿ ಕೂಗಾಡಿದರು. ಆ ವಸಂತದಲ್ಲೇ ಸ್ಮಿತಾಳ ಕೈಗೆ ಒಂದು ಕರು ಬಂತು.

ಕಪ್ಪು ಬಣ್ಣದ, ಗುಂಗುರು ಹಣೆಯ ಗಂಡು ಕರು. ಬೀಜ ಒಡೆದಾಗಿತ್ತು. ಅದನ್ನು ಒಂದೂವರೆ ವರ್ಷ ಸಾಕಿ, ಪ್ರಾಂತ್ಯದ ಕೃಷಿ ಶಾಲೆಗಳ ಮಕ್ಕಳಿಗೆಂದು ಮಾಂಸ ವ್ಯಾಪಾರಿಗಳ ಸಂಘವೊಂದು ನಡೆಸುತ್ತಿದ್ದ ಸ್ಪರ್ಧೆಗೆ ಒಯ್ಯಬೇಕು. ಮೊದಲು ದನವನ್ನು ಹಗ್ಗ ಹಿಡಿದು ನಡೆಸಿ, ತೀರ್ಪುಗಾರರ ಮುಂದೆ ನಾಲ್ಕು ಕಾಲನ್ನೂ ಸಮವಾಗಿ ಊರಿ ನಿಲ್ಲಿಸಬೇಕು. ಆಮೇಲೆ ಮೇವು, ರೋಗ, ಮಾಂಸದ ದರ್ಜೆಗಳ ಬಗ್ಗೆ ಕೇಳಿದ್ದಕ್ಕೆ ಉತ್ತರಿಸಬೇಕು. ಕೊನೆಗೆ ದನವನ್ನು ಕಸಾಯಿಖಾನೆಗೆ ಕಳಿಸಿ, ಅದರ ಮಾಂಸವನ್ನೂ ತೂಗಿ ನೋಡಿ, ಎಲ್ಲ ಅಂಕ ಸೇರಿಸಿ ಬಹುಮಾನ. ಗೆದ್ದವರಿಗೆ ಉತ್ತರದ ಹೊಕ್ಕಾಯ್ದೋ ದ್ವೀಪದ ಕೃಷಿ ಕಾಲೇಜಿಗೆ ಶಿಫಾರಸು ಸಿಗುತ್ತಿತ್ತು. ಅಕ್ಷರ ಒಲಿಯದ ನನ್ನ ಮಗಳಿಗೆ ಕಾಲೇಜಿನ ಬಾಗಿಲು ಎಂದರೆ ಅದೊಂದೇ.

ಅವಳು ಕರುವಿಗೆ ಬಸವ ಎಂದು ಹೆಸರಿಟ್ಟಳು. ಶಾಲೆಯವರ ಬಾಯಲ್ಲಿ ಅವನು ಬಸಾಬಾ ಆದ.

"ಬಸವ ಅಂತ ಹೆಸರಿಟ್ಟು ಕಡಿಯೋಕೆ ಕೊಡ್ತೀಯೇನೆ?" ಎಂದು ನಾನು ಪಾತ್ರೆ ಕುಕ್ಕಿದೆ.

"ಅಮ್ಮ, ಹೆಸರಿಡ್ಲಿಲ್ಲ ಅಂದ್ರೆ ಕಡಿಯಲ್ವಾ?" ಎಂದಳು. ಕನ್ನಡದಲ್ಲಿ ಅಷ್ಟುದ್ದದ ವಾಕ್ಯ ಅವಳು ಆಡುತ್ತಿದ್ದುದೇ ಅಪರೂಪ. ಕುಕ್ಕಿದ ಪಾತ್ರೆಯನ್ನೇ ಎತ್ತಿ ತೊಳೆಯತೊಡಗಿದೆ.

ಅವಳಿಗೆ ಪಶುಸಂಗೋಪನೆ ಕಲಿಸುತ್ತಿದ್ದವರು ಕನ್ನೋ-ಸೆನ್ಸೆ, ಅಂದರೆ ಕನ್ನೋ ಮೇಷ್ಟ್ರು, ನಿವೃತ್ತಿಗೆ ಹತ್ತಿರವಾದ, ಮಾತು ಕಡಿಮೆಯ ಮನುಷ್ಯ. ನಾನು ಮೊದಲ ಸಲ ಕೊಟ್ಟಿಗೆಗೆ ಹೋದ ದಿನ ಅವರು ಬಸವನ ಮೂತಿಗೆ ಮಸಿ ಬಳಿದು ಕಾಗದಕ್ಕೆ ಒತ್ತುತ್ತಿದ್ದರು. ಅಲ್ಲಿ ದನಗಳ ಮೂಗಚ್ಚು ತೆಗೆಯುತ್ತಾರೆ, ಒಂದರ ಹಾಗೆ ಇನ್ನೊಂದಿರುವುದಿಲ್ಲವಂತೆ. ನಾವು ಜಪಾನಿಗೆ ಬಂದ ಹೊಸತರಲ್ಲಿ ವಾರ್ಡ್ ಆಫೀಸಿನಲ್ಲಿ ನನ್ನ ತೋರುಬೆರಳಿಗೂ ಹೀಗೇ ಮಸಿ ಬಳಿದು ಒತ್ತಿಸಿಕೊಂಡಿದ್ದರು. ಪರದೇಶಿಗಳೆಲ್ಲರೂ ಆಗ ಕೊಡಬೇಕಾಗಿತ್ತು. ಬಸವ ಮೂತಿ ಕೊಡವಿ ಸೀನಿದ. ನನಗೆ ಸೀನುವ ಧೈರ್ಯವೂ ಇರಲಿಲ್ಲ, 'ಸುಮಿಮಾಸೆನ್' ಎಂದು ನಾನೇ ಕ್ಷಮೆ ಕೇಳಿ ಬಂದಿದ್ದೆ.

ಅಲ್ಲಿಂದ ನಮ್ಮ ಅಡುಗೆಮನೆ ಕೆಟ್ಟಿತು. ಸಂಜೆ ನಾನು ಪಲ್ಯಕ್ಕೆ ಹುರುಳಿಕಾಯಿ ಹೆಚ್ಚುತ್ತ ಕೂತರೆ ಎದುರಿಗೆ ಸ್ಮಿತಾ ದನದ ಮೈಯನ್ನು ಹೆಚ್ಚುತ್ತಿದ್ದಳು. ಹೆಗಲಿನ ಮಾಂಸಕ್ಕೆ ಏನೆನ್ನುತ್ತಾರೆ, ಸೊಂಟದ್ದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಕೆಂಪು ಮಾಂಸದೊಳಗೆ ಬಿಳಿ ಕೊಬ್ಬು ಮಂಜಿನ ಎಳೆಗಳ ಹಾಗೆ ಹರಡಿದ್ದರೆ ಯಾವ ದರ್ಜೆ, ಎಲ್ಲಕ್ಕೂ ನನ್ನಿಂದ ಪ್ರಶ್ನೆ ಕೇಳಿಸಿಕೊಂಡು ಬಾಯಿಪಾಠ ಮಾಡುತ್ತಿದ್ದಳು. ತೊಡೆಗೆ 'ಮೊಮೊ' ಎನ್ನುತ್ತಾರೆ. ಪೀಚ್ ಹಣ್ಣಿಗೂ ಅದೇ ಮಾತು. ಹಣ್ಣಿನಂಗಡಿಯ ಬೋರ್ಡು ನೋಡಿದರೂ ನನಗೆ ದನದ ಹಿಂಭಾಗ ಕಣ್ಣಿಗೆ ಕಟ್ಟಲು ಶುರುವಾಯಿತು. ನಾಲಿಗೆಗೆ ಒಂದು ಚೂರೂ ತಾಗಿಸದೆ ನಾನು ಕಟುಕರ ಸಂಘದ ಸದಸ್ಯೆಯಾಗುವಷ್ಟು ಪಾಂಡಿತ್ಯ ಸಂಪಾದಿಸಿದೆ.

ಆ ವರ್ಷದ ಚಳಿಗಾಲದಲ್ಲಿ ಒಂದು ದಿನ ಬಸವನಿಗೆಂದು ಮನೆಯಿಂದ ಕ್ಯಾರೆಟ್ ಒಯ್ದೆ. ಸಂಕ್ರಾಂತಿ. ಗೋವಿಗೆ ಏನಾದರೂ ತಿನ್ನಿಸದೆ ನಾನು ಆ ಹಬ್ಬ ಮಾಡಿದವಳಲ್ಲ. ಬಸವ ಆಗಲೇ ನನ್ನ ಭುಜದೆತ್ತರ ಬೆಳೆದಿದ್ದ. ಕ್ಯಾರೆಟ್ ಅವನ ಮೂತಿಯ ಹತ್ತಿರ ಹಿಡಿದಿದ್ದೇನೆ, ಕನ್ನೋ-ಸೆನ್ಸೆ ದೂರದಿಂದಲೇ "ದಾಮೆ! ದಾಮೆ!", ಕೂಡದು ಕೂಡದು, ಎಂದು ಕೂಗುತ್ತ ಓಡಿಬಂದು ನನ್ನ ಕೈಯಿಂದ ಕಿತ್ತುಕೊಂಡರು. ಕಿತ್ತುಕೊಂಡ ಮೇಲೆ ಮೂರು ಸಲ ಬಗ್ಗಿ ಕ್ಷಮೆ ಕೇಳಿದರು.

"ಅಮ್ಮ, ಕ್ಯಾರೆಟ್ ಕೊಡಬಾರದು. ಹಸಿರು ಹುಲ್ಲೂ ಕೊಡಬಾರದು" ಎಂದಳು ಸ್ಮಿತಾ, ನನ್ನ ಮುಖ ನೋಡದೆ. "ವಿಟಮಿನ್ ಎ ಕಡಿಮೆ ಇದ್ರೆ ಫ್ಯಾಟ್ ಚೆನ್ನಾಗಿ ಬರುತ್ತೆ."

"ವಿಟಮಿನ್ ಇಲ್ದಿದ್ರೆ ಕಣ್ಣು ಹೋಗಲ್ವೇನೆ?"

"ತುಂಬಾ ಕಡಿಮೆ ಆದ್ರೆ ಹೋಗುತ್ತೆ. ಅಷ್ಟಾಗದ ಹಾಗೆ ನೋಡ್ಕೋತೀವಿ." ಬಸವನ ಹಣೆ ಕೆರೆಯುತ್ತ ಜಪಾನೀ ಭಾಷೆಯಲ್ಲಿ ಏನೋ ಸೇರಿಸಿದಳು. ಮುಸ್ಸಂಜೆಯಲ್ಲಿ ಇವನಿಗೆ ಬಾಗಿಲು ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ನಾನು ಮಾತಾಡುತ್ತಲೇ ಒಳಗೆ ಬರುತ್ತೇನೆ ಎಂದು.

ಮುಂದಿನ ಬೇಸಿಗೆಯವರೆಗೂ ಅವಳು ಹಾಗೆ ಮಾತಾಡುತ್ತಲೇ ಒಳಗೆ ಹೋಗುತ್ತಿದ್ದಳು. ನನ್ನೊಂದಿಗೆ ಆಡದ ಕನ್ನಡವನ್ನೆಲ್ಲ ಅವನೊಂದಿಗೆ ಆಡುತ್ತಿದ್ದಳೆಂದು ಬಾಗಿಲ ಹೊರಗೆ ನಿಂತು ಕೇಳಿ ತಿಳಿದೆ. "ಬಾರೋ, ತಿನ್ನೋ, ಸಾಕೇನೋ?" ಚಿಕ್ಕವಳಿದ್ದಾಗ ನಾನು ಅವಳಿಗೆ ಉಣ್ಣಿಸುತ್ತಿದ್ದ ಮಾತುಗಳೇ.

ಆ ಯುಗಾದಿಗೆ ನಾವು ತೋಕ್ಯೋ ಪಕ್ಕದ ಗ್ಯೋಟೋಕುವಿಗೆ ಹೋದೆವು. ಐಟಿಯ ಹುಡುಗರು, ಹೊಸ ಸಂಸಾರಗಳು, ಕನ್ನಡದವರೇ ಒಂದು ಹಾಲ್ ತುಂಬುವಷ್ಟು ಅಲ್ಲಿದ್ದರು. ಬೇವು-ಬೆಲ್ಲ, ಹೋಳಿಗೆ, ಯಾರ ಕಂಪನಿಯ ಷೇರು ಎಷ್ಟು ಬಿತ್ತು ಎಂಬ ಮಾತು. ಅಲ್ಲಿ ಎಲ್ಲಕ್ಕೂ ಮುಂದಾಳು ನಾಗರತ್ನ, ಮಲ್ಲೇಶ್ವರದವರು.

"ಮಗಳು ಏನು ಓದ್ತಿದಾಳೆ ವಿಮಲಾ?"

ನಾನು ಅಗ್ರಿಕಲ್ಚರ್ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಸ್ಮಿತಾ ಸಂಭ್ರಮದಿಂದ ಬಸವನ ಫೋಟೋ ತೆಗೆದು ತೋರಿಸಿ, ಸ್ಪರ್ಧೆಯ ವಿಷಯವನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದಳು. ಹೋಳಿಗೆ ಬಡಿಸುತ್ತಿದ್ದ ಕೈಗಳು ನಿಂತವು.

"ಅಯ್ಯೋ ರಾಮ! ದನ ಕಡಿಯೋ ಕೋರ್ಸಾ?" ನಾಗರತ್ನ ಎದೆಯ ಮೇಲೆ ಕೈಯಿಟ್ಟರು. "ನಿಮ್ಮತ್ತೆಗೆ ಗೊತ್ತಾ ಇದು?"

ಆ ಹಾಲ್‌ನಲ್ಲಿದ್ದವರ ಪೈಕಿ ಆಫೀಸಿನ ಪಾರ್ಟಿಗಳಲ್ಲಿ ಏನು ತಿನ್ನುತ್ತೇವೆಂದು ವಿಚಾರಿಸದೆ ತಿನ್ನುವವರು ಯಾರ್ಯಾರೆಂದು ನಮ್ಮ ಯಜಮಾನರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತಿನ್ನುವವರು ಮೈಲಿಗೆಯಾಗಲಿಲ್ಲ, ತಿನ್ನದೆ ಸಾಕುವವಳು ಆದಳು. ಸ್ಮಿತಾ ಫೋಟೋವನ್ನು ಚೀಲಕ್ಕೆ ಹಾಕಿಕೊಂಡಳು. ವಾಪಸು ರೈಲಿನಲ್ಲಿ ಇವರು ಮೊದಲ ಸಲ ಮಗಳ ಪಕ್ಕ ಕೂತು, "ಬಸವ ಈಗ ಎಷ್ಟು ತೂಕ ಇದಾನೆ?" ಎಂದು ಕೇಳಿದರು.

ಸ್ಪರ್ಧೆ ನಡೆದದ್ದು ಸೆಪ್ಟೆಂಬರ್ ಮೊದಲಲ್ಲಿ. ದೊಡ್ಡ ಬಯಲು, ಬಿಳಿ ಶಾಮಿಯಾನಗಳು, ಪಕ್ಕದಲ್ಲೇ ಸಾಲಾಗಿ ಮಾಂಸ ಸುಡುವ ಒಲೆಗಳು. ಸಂಘದ ಯಜಮಾನರು ಎದೆಗೆ ಕಾಗದದ ಹೂವು ಸಿಕ್ಕಿಸಿಕೊಂಡು, ಈ ಮಕ್ಕಳೇ ನಮ್ಮ ಉದ್ಯಮದ ನಾಳೆ, ಇವರ ಕೈ ನಾವು ಎಂದೂ ಬಿಡುವುದಿಲ್ಲ ಎಂದು ಭಾಷಣ ಮಾಡಿದರು. ನಾನು ಚಪ್ಪಾಳೆ ತಟ್ಟಿದೆ.

ಸ್ಮಿತಾ ಬಿಳಿ ಅಂಗಿ ತೊಟ್ಟು ಬಸವನನ್ನು ಕರೆತಂದಳು. ಅವನ ಮುಂದೆ ಅವಳು ಗುಬ್ಬಚ್ಚಿ. ಮೈ ಕರೀ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಧ್ವನಿವರ್ಧಕಕ್ಕೆ ಬೇರೆ ದನಗಳು ಬೆದರಿದವು, ಬಸವ ಬೆದರಲಿಲ್ಲ. ಅವಳ ತುಟಿ ಅಲುಗುತ್ತಲೇ ಇದ್ದುದು ನನಗೆ ದೂರದಿಂದ ಕಂಡಿತು. ನಾಲ್ಕು ಕಾಲನ್ನೂ ಚೌಕವಾಗಿ ಊರಿ ಅವನು ನಿಂತಾಗ ನನ್ನ ಪಕ್ಕದ ರೈತನೊಬ್ಬ ಹಲ್ಲಿನ ಸಂದಿಯಿಂದ ಗಾಳಿಯೆಳೆದುಕೊಂಡ. ಜಪಾನಿನಲ್ಲಿ ಅದು ದೊಡ್ಡ ಮೆಚ್ಚುಗೆ.

ಪ್ರಶ್ನೆಗಳೆಲ್ಲಕ್ಕೂ ಅವಳು ಉತ್ತರ ಕೊಟ್ಟಳು. ಹಸಿರು ಹುಲ್ಲಿನ ಪ್ರಶ್ನೆಯೂ ಬಂತು. ಕೊನೆಗೆ ತೀರ್ಪುಗಾರರಲ್ಲಿ ಹಿರಿಯರು, ಬಹುಶಃ ತಮಾಷೆಗೆ, "ಸುಮಿತಾ-ಸಾನ್, ನಿಮಗೆ ಯಾವ ಭಾಗ ತಿನ್ನಲು ಇಷ್ಟ?" ಎಂದು ಕೇಳಿದರು.

"ನಾನು ತಿನ್ನುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ."

ಒಲೆಗಳ ಕಡೆಯವರೂ ತಿರುಗಿ ನೋಡಿದರು. "ಹಾಗಾದರೆ ಯಾಕೆ ಸಾಕಿದಿರಿ?"

"ತಿನ್ನುವವರು ಇದ್ದಾರಲ್ಲ. ಅವರು ತಟ್ಟೆಯಲ್ಲಿ ಒಂದು ಚೂರೂ ಬಿಡಬಾರದು. ಅಷ್ಟು ಚೆನ್ನಾಗಿ ಸಾಕಬೇಕು ಅಂತ."

ಸುತ್ತ ಚಪ್ಪಾಳೆ. ಅಂದು ಆ ಮಾತಿಗೆ ನಾನು ಮಾತ್ರ ಮತ್ತೆ ಸೆರಗನ್ನು ಮೂಗಿಗೆ ಹಿಡಿದಿದ್ದೆ. ಮೊದಲೆರಡು ಸುತ್ತಿನಲ್ಲಿ ಅವಳೇ ಮುಂದು ಎಂದು ಕೂಗಿದರು. ಇನ್ನು ಉಳಿದದ್ದು ಮಾಂಸದ ಅಂಕ. ಸಂಘದ ಯಜಮಾನರು ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಕಾಲೇಜಿನ ಶಿಫಾರಸು ತಮ್ಮ ಜವಾಬ್ದಾರಿ ಎಂದರು.

ಮಧ್ಯಾಹ್ನ ಲಾರಿ ಬಂತು. ಹಲಗೆ ಹತ್ತಿಸುವಾಗ ಬಸವ ಒಮ್ಮೆ ನಿಂತ. ಒಳಗೆ ಕತ್ತಲು, ಅವನಿಗೆ ಕಾಣಿಸಲಿಲ್ಲವೋ ಏನೋ. ಸ್ಮಿತಾ ತಾನೇ ಮುಂದಾಗಿ ಒಳಗೆ ಹೋಗಿ, "ಬಾರೋ ಬಸವ, ಇಲ್ಲೇ ಇದೀನಿ ಬಾರೋ" ಎಂದಳು. ಅವನು ನಂಬಿ ಹತ್ತಿದ. ಅವಳು ಹಗ್ಗ ಕಟ್ಟಿ ಇಳಿದು ಬಂದು, ಡ್ರೈವರನಿಗೆ ಬಗ್ಗಿ ನಮಸ್ಕರಿಸಿ, ಲಾರಿ ತಿರುವು ದಾಟುವವರೆಗೂ ಬಗ್ಗಿಯೇ ಇದ್ದಳು. ಮೇಲೆದ್ದಾಗ ಮುಖ ಒದ್ದೆಯಾಗಿರಲಿಲ್ಲ. ನಾನೇ ಅತ್ತವಳು, ಅದೂ ಮಾಂಸ ಸುಡುವ ಒಲೆಯೊಂದರ ಹೊಗೆಯಲ್ಲಿ ನಿಂತು.

ಮಾಂಸದ ತೀರ್ಪು ಬರುವ ಮೊದಲೇ ಟಿವಿಯಲ್ಲಿ ಸುದ್ದಿ ಬಂತು. ಚಿಬಾ ಪ್ರಾಂತ್ಯದ ಒಂದು ಹಸುವಿಗೆ ಹುಚ್ಚು ಹಸು ರೋಗದ ಅನುಮಾನ. ಮರುದಿನವೇ ಅಮೆರಿಕದಲ್ಲಿ ಆ ಎರಡು ಗೋಪುರಗಳು ಬಿದ್ದವು. ಕುಸಿಯುವ ಗೋಪುರ, ಕಾಲು ಮಡಚಿ ಬೀಳುವ ಯಾವುದೋ ಬೇರೆ ದೇಶದ ಹಸು, ಇವೆರಡೇ ದೃಶ್ಯ ತಿಂಗಳುಗಟ್ಟಲೆ ಟಿವಿಯಲ್ಲಿ. ಗೋಪುರದ ಜೊತೆ ಇವರ ಕಂಪನಿಯ ಹೊಸ ಪ್ರಾಜೆಕ್ಟುಗಳು ಬಿದ್ದವು. ಹಸುವಿನ ಜೊತೆ ನಮ್ಮ ಮಗಳ ಕಾಲೇಜೂ ಬಿತ್ತು. ಅಂಗಡಿಗಳಲ್ಲಿ ದನದ ಮಾಂಸ ಮುಟ್ಟುವವರಿಲ್ಲ. ಸ್ಟೇಷನ್ನಿನ ನಾಲಿಗೆಯ ವಾಸನೆಯೂ ತೆಳುವಾಯಿತು.

ಗ್ಯೋಟೋಕು ಇರುವುದೂ ಚಿಬಾದಲ್ಲೇ. ನಾಗರತ್ನ ಫೋನು ಮಾಡಿದರು. "ನಮ್ಮ ಚಿಬಾದಲ್ಲೇ ಕಣ್ರೀ! ನೋಡಿದ್ರಾ, ಗೋಮಾತೆ ಶಾಪ ಸುಮ್ನೆ ಬಿಡುತ್ತಾ? ನಾನು ಅವತ್ತೇ ಹೇಳಿದ್ದೆ." ದನಿಯಲ್ಲಿ ಹೋಳಿಗೆ ತಿಂದ ತೃಪ್ತಿ. ಗೋಮಾತೆಯ ಶಾಪ ತಟ್ಟಿದ್ದು ಗೋವಿನ ಕೊಟ್ಟಿಗೆ ತೊಳೆದವಳಿಗೇ ಯಾಕೆ ಎಂದು ಕೇಳಬೇಕೆನ್ನಿಸಿತು. "ಹೌದಾ, ಸರಿ" ಎಂದು ಫೋನಿಟ್ಟೆ.

ಸ್ಪರ್ಧೆ ರದ್ದಾಯಿತು. ಮಾಂಸದ ಅಂಕವಿಲ್ಲದೆ ಮೊದಲೆರಡು ಸುತ್ತಿನ ಅಂಕಕ್ಕೆ ಬೆಲೆಯಿಲ್ಲ ಎಂದರು. ಶಿಫಾರಸೂ ಇಲ್ಲ. ಸ್ಮಿತಾ ಸಂಘದ ಆಫೀಸಿಗೆ ಫೋನು ಮಾಡಿದರೆ, ಯಜಮಾನರು ಈಗಷ್ಟೇ ಎದ್ದು ಹೋದರು ಎಂದು ಪ್ರತಿ ಸಲವೂ ಬಹಳ ಮರ್ಯಾದೆಯಿಂದ ಹೇಳುತ್ತಿದ್ದರು. ಕೈ ಬಿಡುವುದಿಲ್ಲ ಎಂದವರು ಅಷ್ಟು ನಯವಾಗಿ ಬಿಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕಡೆಗೆ ಅವಳು ಶಿಫಾರಸಿನ ಮಾತು ಬಿಟ್ಟು, "ಬಸವ ಈಗ ಎಲ್ಲಿದ್ದಾನೆ, ಅಷ್ಟು ಹೇಳಿ" ಎಂದು ಕೇಳತೊಡಗಿದಳು. ಆ ಪ್ರಶ್ನೆಗೆ ಅವರಲ್ಲಿ ಮರ್ಯಾದೆಯ ಉತ್ತರವೂ ಇರಲಿಲ್ಲ.

ಇವರ ಒಪ್ಪಂದ ಮಾರ್ಚಿಗೆ ಮುಗಿಯಿತು. ಅಪ್ಪನ ವೀಸಾದ ಬಾಲ ಹಿಡಿದಿದ್ದವಳು ಕಾಲೇಜಿಲ್ಲದೆ ಅಲ್ಲಿ ಉಳಿಯುವ ಹಾಗಿರಲಿಲ್ಲ. ಬೆಂಗಳೂರಿಗೆ ಬಂದೆವು. ಸ್ಮಿತಾ ಜಾವಾ ಕಲಿತಳು. ಈಗ ವೈಟ್‌ಫೀಲ್ಡಿನಲ್ಲಿ ಜಪಾನೀ ಗಿರಾಕಿಗಳ ಜೊತೆ ಫೋನಿನಲ್ಲಿ ನಯವಾಗಿ ಕ್ಷಮೆ ಕೇಳುವ ಕೆಲಸ. ಒಳ್ಳೆಯ ಸಂಬಳ. ಇವರು ಎಲ್ಲರಿಗೂ, "ಕಡೆಗೂ ದಾರಿಗೆ ಬಂದಳು" ಎನ್ನುತ್ತಾರೆ, ಆಮೇಲೆ ಆ ಮಾತು ತಾವೇ ಆಡಿದ್ದೆಂದು ನಂಬಲಾರದವರ ಹಾಗೆ ನನ್ನ ಮುಖ ನೋಡುತ್ತಾರೆ.

ಸೆಂಡಾಯ್ ಬಿಡುವ ಮುಂಚೆ, ಸಾಮಾನೆಲ್ಲ ಡಬ್ಬಗಳಿಗೆ ತುಂಬಿದ್ದ ಒಂದು ಮಧ್ಯಾಹ್ನ ಕನ್ನೋ-ಸೆನ್ಸೆ ನಮ್ಮ ಮನೆಗೆ ಬಂದರು. ಶಾಲೆಯಲ್ಲಿ ಆ ವರ್ಷ ಹೊಸ ಕರು ತರಿಸಿರಲಿಲ್ಲ, ಅವರ ನಿವೃತ್ತಿಯೂ ಆಗುವುದರಲ್ಲಿತ್ತು. ಇವರು ಆಫೀಸಿಗೆ ಹೋಗಿದ್ದರು. ನಾನು ಅನ್ನ, ತಿಳಿಸಾರು, ಆಲೂಗಡ್ಡೆ ಪಲ್ಯ ಬಡಿಸಿದೆ. ಅವರು ತಟ್ಟೆಯ ಮುಂದೆ ಕೈಜೋಡಿಸಿ, ಅಲ್ಲಿಯವರು ಊಟಕ್ಕೆ ಮುಂಚೆ ಹೇಳುವ 'ಇತಾದಾಕಿಮಾಸು' ಹೇಳಿದರು. ಹೇಳಿ ಕೈ ಬಿಡಿಸಲಿಲ್ಲ.

"ಸುಮಿತಾ, ನಾನು ಕೋಲ್ಡ್ ಸ್ಟೋರೇಜಿಗೆ ಹೋಗಿದ್ದೆ" ಎಂದರು. "ಗುರುತಿನವರು ಒಳಗೆ ಬಿಟ್ಟರು. ಬಸಾಬಾನನ್ನು ನೋಡಿದೆ."

ಸ್ಮಿತಾ ಚಮಚ ಕೆಳಗಿಟ್ಟಳು.

"ಪಕ್ಕೆಯ ಭಾಗ ಕತ್ತರಿಸಿದ ಕಡೆ ನೋಡಿದೆ. ನನ್ನ ಇಡೀ ನೌಕರಿಯಲ್ಲಿ ಮಕ್ಕಳ ಕೈಯಲ್ಲಿ ಅಂಥದ್ದು ಬಂದಿರಲಿಲ್ಲ. ಕೊಬ್ಬು ಸಕುರಾ ಹೂವು ಉದುರಿದ ಹಾಗೆ ಹರಡಿತ್ತು. ಎಲ್ಲಕ್ಕಿಂತ ಮೇಲಿನ ದರ್ಜೆ. ಇದನ್ನು ನಿನಗೆ ಯಾರಾದರೂ ಹೇಳಬೇಕಿತ್ತು."

"ಈಗ ಏನು ಮಾಡುತ್ತಾರೆ?"

"ರೋಗದ ಪರೀಕ್ಷೆ ಶುರುವಾಗುವ ಮುಂಚೆ ಕಡಿದದ್ದು. ಆಗಿನ ಮಾಂಸವನ್ನೆಲ್ಲ ಒಟ್ಟು ಮಾಡಿದ್ದಾರೆ. ಸುಡುತ್ತಾರೆ."

"ಬಸವನಿಗೆ ರೋಗ ಇರಲಿಲ್ಲ."

"ಇರಲಿಲ್ಲ" ಎಂದರು ಸೆನ್ಸೆ. ಆಮೇಲೆ ತಲೆ ತಗ್ಗಿಸಿ ಊಟ ಮಾಡಿದರು. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ನನಗೂ ಸ್ಮಿತಾಳಿಗೂ ಅದನ್ನು ನೋಡುವುದು ಕಷ್ಟವಾಯಿತು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದು ನಾನು ಪಾತ್ರೆ ತೊಳೆಯುತ್ತಿದ್ದೆ. ಸ್ಮಿತಾ ಒರೆಸುತ್ತಿದ್ದಳು. ಬಸವ ಹೋದಾಗಿನಿಂದ ಅವಳು ಮನೆಯಲ್ಲಿ ಕನ್ನಡ ಆಡಿರಲಿಲ್ಲ. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತ ಅಂದಳು:

"ಅಮ್ಮ, ಯಾರಾದ್ರೂ ತಿನ್ನಬೇಕಿತ್ತು."

ಕಿಟಕಿಯಾಚೆ ಮಾರ್ಚಿನ ತೆಳು ಹಿಮ ಬೀಳುತ್ತಿತ್ತು. ನಲ್ಲಿ ನಿಲ್ಲಿಸಿದೆ. ನಮ್ಮತ್ತೆ ನೆನಪಾದರು, ಅಗ್ರಹಾರದ ಮನೆಯ ದೇವರ ಗೂಡು ನೆನಪಾಯಿತು.

"ಹೂಂ ಕಣೇ" ಎಂದೆ. "ತಿನ್ನಬೇಕಿತ್ತು."